ಇಂಗ್ಲಿಷ್ ವ್ಯಾಕರಣಕ್ಕೆ ಕನ್ನಡದ ಕೈದೀವಿಗೆ

ಕನ್ನಡ ವ್ಯಾಕರಣದ ಅವಧಿಯನ್ನು ಮೊಟಕುಗೊಳಿಸಿ ಆ ವೇಳೆಯನ್ನು ಇಂಗ್ಲಿಷಿಗೆ ಕೊಟ್ಟರೆ ಮಕ್ಕಳ ಇಂಗ್ಲಿಷ್ ಸುಧಾರಿಸೀತೆಂಬ ಎಣಿಕೆ ಹಲವರಲ್ಲಿದೆ. ಈ ಎಣಿಕೆ ಸಾಧುವಲ್ಲವೆಂಬುದು ನನ್ನ ಅಭಿಮತ. ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳು ಪದೇ ಪದೇ ಎತ್ತುವ ಸಂದೇಹಗಳನೇಕವು ಕನ್ನಡ ವ್ಯಾಕರಣವನ್ನು ಬಲ್ಲವನಿಗೆ ಸುಲಭವಾಗಿ ಬಿಡಿಸಬಹುದಾದ ಗಂಟುಗಳೇ ಆಗಿವೆ.

‘ಅವರ್’ ಎಂಬುದಕ್ಕೆ ‘ಆ್ಯನ್’, ‘ಯೂನಿವರ್ಸಿಟಿ’ಗೆ ‘ಎ’ ಏಕೆ? ಬರೆಹದಲ್ಲಿ ಮೊದಲನೆಯದು ವ್ಯಂಜನದಿಂದಲೂ ಎರಡನೆಯದು ಸ್ವರದಿಂದಲೂ ಆರಂಭವಾಗುತ್ತವೆಯಲ್ಲವೆ? ಆದರೆ ನಿಯಮವಿರುವುದು ಲಿಪಿಗಲ್ಲ, ಉಚ್ಚಾರಣೆಗೆ. ಒಂದರಲ್ಲಿ ಹಕಾರ ಮೌನ. ಇನ್ನೊಂದರಲ್ಲಿ ಮೊದಲು ಕೇಳಿಸುವುದು ಯಕಾರ. ಸ್ವರದ ಮುಂದೆ ಸ್ವರ ಬಂದಾಗ ‘ಮನೆಯನ್ನು’, ‘ಗುರುವನ್ನು’ ಎಂದು ಯಕಾರ ವಕಾರಗಳನ್ನು ತರುವ ನಮಗೆ ಇದು ಹೊಸತೇನೂ ಅಲ್ಲ. ಭೇದವಿಷ್ಟೇ: ನಮ್ಮಲ್ಲಿ ಆಗಮ, ಅಲ್ಲಿ ಲೋಪ. ‘ಆ್ಯನ್’ ಎಂಬುದೇ ಹಳೆಯ ರೂಪ. ವ್ಯಂಜನದ ಮುಂದೆ ಅದರ ನಕಾರ ಕಳಚಿತು.

‘ಇಟ್ಸ್’ ಎಂಬಲ್ಲಿ ಅಪಾಸ್ಟ್ರಫಿ ಯಾವಾಗ ಬೇಕು? ‘ಕೋಽಪಿ’ ಎಂಬಲ್ಲಿ ಅವಗ್ರಹವು ಅಕಾರಲೋಪವನ್ನು ತೋರಿಸುವಂತೆ, ‘ಇಟ್ ಈಸ್’ ಎಂಬುದು ಕುಗ್ಗಿದಾಗ ಆ ಚಿಹ್ನೆ ಲೋಪವನ್ನು ಸೂಚಿಸುತ್ತದೆ. ‘ಅದರ’ ಎಂಬ ಷಷ್ಠ್ಯರ್ಥದಲ್ಲಿ ಅದು ಬೇಡ. ‘ಹಿಸ್’ ಎಂಬುದಕ್ಕೂ ಇಲ್ಲವಷ್ಟೆ.

ಇನ್ನು ‘ಡಿಸ್ಕಸ್ ಅಬೌಟ್’ ಎಂಬ ಪ್ರಯೋಗ. ಕನ್ನಡದಲ್ಲಿ ‘ಪಾಠದ ಬಗ್ಗೆ ಚರ್ಚಿಸಿದೆವು’ ಎಂದೂ ‘ಪಾಠವನ್ನು ಚರ್ಚಿಸಿದೆವು’ ಎಂದೂ ಹೇಳಬಹುದು. ಇಂಗ್ಲಿಷಿನ ಶಿಷ್ಟಪ್ರಯೋಗ ಎರಡನೆಯದನ್ನೇ ಹೋಲುತ್ತದೆ. ಸಕರ್ಮಕ ಧಾತುವಿನ ಪರಿಚಯವುಳ್ಳ ಬಾಲಕನಿಗೆ ಇಷ್ಟು ಹೇಳಿದರೆ ಸಾಕು.

ಆದರೆ ಎಲ್ಲ ನಿಯಮಗಳೂ ಸಮಾನವಲ್ಲ. ವಾಕ್ಯಾಂತ್ಯದಲ್ಲಿ ಪ್ರಿಪೊಸಿಷನ್ ಬರಕೂಡದೆಂದು ಕೆಂಪು ಗೆರೆ ಎಳೆಯುವವರಿದ್ದಾರೆ. 1672ರಲ್ಲಿ ಡ್ರೈಡನ್ ಕವಿಯು ಬೆನ್ ಜಾನ್ಸನ್ನನ ಬರೆವಣಿಗೆಯಲ್ಲಿ ಇದನ್ನು ದೋಷವೆಂದೆಣಿಸಿದನು. 1762ರಲ್ಲಿ ವ್ಯಾಕರಣ ಬರೆದ ರಾಬರ್ಟ್ ಲೌತ್ ಗಂಭೀರ ಶೈಲಿಗೆ ಅದು ಒಪ್ಪದೆಂದರೂ ಆಡುಮಾತಿಗೆ ಸಹಜವೆಂದು ಒಪ್ಪಿಕೊಂಡನು. ಇಂಗ್ಲಿಷಿನ ಉತ್ತಮ ಲೇಖಕರು ಅಂದೂ ಇಂದೂ ಹಾಗೆ ಬರೆಯುತ್ತಲೇ ಬಂದಿದ್ದಾರೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಪೂರ್ವಕವಿಗಳ ಪ್ರಯೋಗಗಳನ್ನು ಮುಂದಿಟ್ಟು ಸೂತ್ರಗಳನ್ನು ಸಮರ್ಥಿಸಿದನು. ಲಕ್ಷ್ಯವನ್ನನುಸರಿಸಿ ಲಕ್ಷಣ, ಈ ವಿವೇಕ ಇಂಗ್ಲಿಷ್ ಬೋಧನೆಗೂ ಸಲ್ಲುತ್ತದೆ. ಪ್ರಯೋಗಬಲವಿಲ್ಲದ ನಿಯಮಕ್ಕಾಗಿ ಅಂಕ ಕಳೆದರೆ, ಹಳ್ಳಿಯಿಂದ ಬಂದ ಮಗು ಬಾಯಿ ತೆರೆಯುವುದನ್ನೇ ಬಿಟ್ಟೀತು.

ಆದ್ದರಿಂದ ಅಧ್ಯಾಪಕ ಬಂಧುಗಳಲ್ಲಿ ನನ್ನ ವಿಜ್ಞಾಪನೆಯಿಷ್ಟು: ಕನ್ನಡ, ಇಂಗ್ಲಿಷ್ ಉಪಾಧ್ಯಾಯರು ತಿಂಗಳಿಗೊಮ್ಮೆ ಒಂದೆಡೆ ಕುಳಿತು ಮಕ್ಕಳ ಸಂದೇಹಗಳನ್ನು ಪರಾಮರ್ಶಿಸಲಿ. ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಗ್ರಂಥಾಲಯಕ್ಕೆ ಎರಡೂ ಭಾಷೆಗಳ ಒಳ್ಳೆಯ ನಿಘಂಟುಗಳನ್ನು ಒದಗಿಸಿದರೆ ಮಹದುಪಕಾರವಾದೀತು. ಕನ್ನಡದ ಅವಧಿಯನ್ನು ಕಡಿದು ಇಂಗ್ಲಿಷನ್ನು ಬೆಳೆಸಹೊರಡುವುದು, ಬೇರನ್ನು ಕತ್ತರಿಸಿ ಕೊಂಬೆಗೆ ನೀರೆರೆದಂತೆಯೇ ಸರಿ.