ಭಿತ್ತಿಪತ್ರದ ಮೇಲೆ ಯಾರ ಮುಖ?

ಸಹಾಯಾರ್ಥ ಕಾರ್ಯಕ್ರಮಗಳ ಭಿತ್ತಿಪತ್ರಗಳು ಸಾಮಾನ್ಯವಾಗಿ ಸಿದ್ಧವಾಗುವುದು ಕೊನೆಯ ಗಳಿಗೆಯಲ್ಲಿ. ಸಭಾಂಗಣ ನಿಗದಿಯಾಗಿ, ಅತಿಥಿಗಳು ಒಪ್ಪಿದ ಬಳಿಕ ಒಬ್ಬ ಯುವಕನನ್ನು ಡಿಟಿಪಿ ಅಂಗಡಿಗೆ ಕಳುಹಿಸಲಾಗುತ್ತದೆ. ಅವನು ತರುವ ಹಾಳೆಯನ್ನು ನಾವೆಲ್ಲ ಬಲ್ಲೆವು. ಮೇಲೆ ಅಧ್ಯಕ್ಷರ, ಗಣ್ಯರ, ಪ್ರಾಯೋಜಕರ ಭಾವಚಿತ್ರಗಳ ಸಾಲು. ನಡುವೆ ಕಣ್ಣೀರು ತುಂಬಿದ ಒಂದು ಮಗು. ಕೆಳಗೆ, ಕನ್ನಡಕ ಹಾಕಿದರೂ ಓದಲಾಗದ ಅಕ್ಷರಗಳಲ್ಲಿ ಬ್ಯಾಂಕ್ ಖಾತೆಯ ವಿವರ.

ಆ ಮಗುವನ್ನು ಅಲ್ಲಿ ಕೂರಿಸಿದವರಿಗೆ ಒಂದು ಸಮರ್ಥನೆಯಿದೆ: ಮುಖ ಕಂಡರೆ ಮಾತ್ರ ಜನರ ಕೈ ಜೇಬಿಗೆ ಹೋಗುತ್ತದೆ. ಈ ಮಾತನ್ನು ತಳ್ಳಿಹಾಕಲಾಗದು. 1971ರಲ್ಲಿ ಪೂರ್ವ ಬಂಗಾಳದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ ಪಂಡಿತ್ ರವಿಶಂಕರ್ ಮತ್ತು ಜಾರ್ಜ್ ಹ್ಯಾರಿಸನ್ ಆಗಸ್ಟ್ 1ರಂದು ನ್ಯೂಯಾರ್ಕಿನಲ್ಲಿ ಸಂಗೀತ ಕಾರ್ಯಕ್ರಮ ನಡೆಸಿದರು. ಅದರ ಧ್ವನಿಮುದ್ರಿಕೆಯ ಹೊದಿಕೆಯ ಮೇಲಿದ್ದುದು ಬರಿದಾದ ತಟ್ಟೆಯ ಮುಂದೆ ಕುಳಿತ ಎಲುಬುಗೂಡಿನಂತಹ ಮಗು. ದೂರದ ಅಮೆರಿಕನ್ನರಿಗೆ ಬಂಗಾಳದ ಹಸಿವನ್ನು ತಲುಪಿಸಲು ಆ ಚಿತ್ರ ನೆರವಾಯಿತೆಂದೇ ಇಟ್ಟುಕೊಳ್ಳೋಣ. ಆದರೆ ನಮ್ಮ ಭಿತ್ತಿಪತ್ರದ ಮಗು ದೂರದ್ದಲ್ಲ. ಅದು ನಾಳೆ ಅದೇ ಬೀದಿಯಲ್ಲಿ, ತನ್ನದೇ ಚಿತ್ರವಿರುವ ಗೋಡೆಯ ಪಕ್ಕದಲ್ಲಿ, ಸಹಪಾಠಿಗಳ ಜೊತೆ ಶಾಲೆಗೆ ನಡೆದು ಹೋಗಬೇಕು. ಹತ್ತು ವರ್ಷಗಳ ನಂತರ ಅದೇ ಊರಿನಲ್ಲಿ ಅದಕ್ಕೆ ನೆಂಟಸ್ತಿಕೆ ಕೂಡಬೇಕು. ಕೊಟ್ಟ ದಾನವನ್ನು ಎತ್ತಿ ಹೇಳಿ ಪಡೆದವರನ್ನು ನೋಯಿಸಿದರೆ ಆ ದಾನವೇ ವ್ಯರ್ಥವೆಂದು ಪವಿತ್ರ ಕುರ್‌ಆನ್ ಎಚ್ಚರಿಸುತ್ತದೆ. ಬಾಯಲ್ಲಿ ಆಡುವ ಹಂಗಿನ ಮಾತು ಒಂದು ದಿನಕ್ಕೆ ಮುಗಿದೀತು. ಅಚ್ಚಾದ ಹಂಗು ಮಳೆಗಾಲ ಬರುವವರೆಗೂ ಗೋಡೆಯ ಮೇಲಿರುತ್ತದೆ, ಮೊಬೈಲಿನಲ್ಲಿ ಅದಕ್ಕಿಂತಲೂ ದೀರ್ಘಕಾಲ.

ಕಾನೂನು ಕೂಡಾ ಇಲ್ಲಿ ಮೌನವಾಗಿಲ್ಲ. 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನ ಪ್ರಕಾರ ಪೋಷಣೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗುವಿನ ಗುರುತನ್ನು ಬಹಿರಂಗಪಡಿಸುವುದು ಶಿಕ್ಷಾರ್ಹ; ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಅನಾಥಾಲಯಗಳ ಹೆಸರಿನಲ್ಲಿ ಮಕ್ಕಳ ಮುಖ ಅಚ್ಚು ಹಾಕಿಸುವವರಲ್ಲಿ ಎಷ್ಟು ಮಂದಿ ಇದನ್ನು ಓದಿದ್ದಾರೆ? ಇನ್ನು ಫ್ಲೆಕ್ಸ್ ಬ್ಯಾನರುಗಳ ಕುರಿತು ಹೇಳುವುದಾದರೆ, ಕರ್ನಾಟಕ ಸರಕಾರ ಅವುಗಳನ್ನು 2016ರಲ್ಲೇ ನಿಷೇಧಿಸಿದೆ. ಸತ್ಕಾರ್ಯದ ಕರೆಯನ್ನು ನಿಷೇಧಿತ ವಸ್ತುವಿನ ಮೇಲೆ ಬರೆದು ತೂಗುಹಾಕುವುದು ರಾಜಕೀಯ ಪಕ್ಷಗಳಿಂದ ನಾವು ಕಲಿತ ಚಾಳಿ. ಗಣ್ಯರ ಭಾವಚಿತ್ರಗಳ ಸಾಲೂ ಅಲ್ಲಿಂದಲೇ ಬಂದದ್ದು.

ಹಾಗಾದರೆ ಮುಖಗಳನ್ನು ತೆಗೆದ ಜಾಗದಲ್ಲಿ ಏನಿರಬೇಕು? ಹಣದ ವಿಚಾರವಿರಬೇಕು. ನ್ಯೂಯಾರ್ಕಿನ ಆ ಕಾರ್ಯಕ್ರಮದ ಇನ್ನೊಂದು ಪಾಠ ಇದೇ. ಟಿಕೆಟಿನಿಂದ ಬಂದ ಸುಮಾರು ಎರಡು ಲಕ್ಷ ನಲುವತ್ತಮೂರು ಸಾವಿರ ಡಾಲರ್ ಬೇಗನೆ ಯುನಿಸೆಫ್ ಕೈ ಸೇರಿತು. ಆದರೆ ತೆರಿಗೆ ವಿನಾಯಿತಿಯ ವ್ಯವಸ್ಥೆಯನ್ನು ಮೊದಲೇ ಮಾಡಿಕೊಳ್ಳದ್ದರಿಂದ ಧ್ವನಿಮುದ್ರಿಕೆ ಮತ್ತು ಚಲನಚಿತ್ರದ ಗಳಿಕೆಯ ದೊಡ್ಡ ಭಾಗ ವರ್ಷಗಟ್ಟಲೆ ತೆರಿಗೆ ಇಲಾಖೆಯ ತಗಾದೆಯಲ್ಲಿ ಸಿಲುಕಿತು. ಹಸಿದವರು ಕಾಯಬೇಕಾಯಿತು. ಆದ್ದರಿಂದ ಸಂಗ್ರಹಿಸುವ ಟ್ರಸ್ಟಿನ ನೋಂದಣಿ ಸಂಖ್ಯೆ, ಬೇಕಾದ ಒಟ್ಟು ಮೊತ್ತ, ಅದು ಡಯಾಲಿಸಿಸ್‌ಗೋ ಶಾಲಾ ಶುಲ್ಕಕ್ಕೋ ಎಂಬ ಸ್ಪಷ್ಟನೆ ದೊಡ್ಡ ಅಕ್ಷರಗಳಲ್ಲಿರಲಿ. ಸಂಗ್ರಹಿಸುತ್ತಿರುವುದು ಝಕಾತೋ ಸಾಮಾನ್ಯ ದಾನವೋ ಎಂಬುದನ್ನೂ ನಮೂದಿಸಬೇಕು. ಝಕಾತಿಗೆ ಎಂಟು ಬಾಬುಗಳು ನಿಗದಿಯಾಗಿವೆ. ಅದು ಸಭಾಂಗಣದ ಬಾಡಿಗೆಗೂ ಅತಿಥಿಗಳ ಬಿರಿಯಾನಿಗೂ ಅಲ್ಲ. ಕ್ಯೂಆರ್ ಕೋಡ್ ಹಾಕುವುದಾದರೆ ಅದರ ಪಕ್ಕದಲ್ಲಿ ಖಾತೆದಾರರ ಹೆಸರೂ ಇರಲಿ. ಮೂಲ ಕೋಡಿನ ಮೇಲೆ ತಮ್ಮದನ್ನು ಅಂಟಿಸುವ ವಂಚಕರಿದ್ದಾರೆ. ಹಣ ಕೊಡುವವನು ತೆರೆಯ ಮೇಲೆ ಮೂಡುವ ಹೆಸರನ್ನು ತಾಳೆ ನೋಡುವಂತಾಗಬೇಕು.

ಚಿತ್ರ ಬೇಕೇ ಬೇಕೆಂದರೆ ಕಟ್ಟಬೇಕಾದ ಶಾಲೆಯ ಅರ್ಧ ಗೋಡೆಯನ್ನು ತೋರಿಸಿ, ಕೊಳ್ಳಬೇಕಾದ ಯಂತ್ರವನ್ನು ತೋರಿಸಿ.

ಕಾರ್ಯಕ್ರಮ ಮುಗಿದ ಬಳಿಕ ಅಷ್ಟೇ ದೊಡ್ಡದಾದ ಇನ್ನೊಂದು ಹಾಳೆ ಅಚ್ಚಾಗಲಿ. ಬಂದದ್ದೆಷ್ಟು, ಭಿತ್ತಿಪತ್ರಕ್ಕೂ ಸೇರಿ ಖರ್ಚಾದದ್ದೆಷ್ಟು, ಉಳಿದದ್ದು ಯಾವ ಬಾಬಿಗೆ ಹೋಯಿತು ಎಂಬುದನ್ನು ಬರೆದು, ಮೊದಲಿನದನ್ನು ಅಂಟಿಸಿದ ಅದೇ ಜಾಗದಲ್ಲಿ ಅಂಟಿಸಲಿ.