ಎಣಿಸಬಲ್ಲವನಿಗೆ ಎಡೆಯಿಲ್ಲದ ಆಟ

ಪ್ರತಿಯೊಂದು ಆಟಕ್ಕೂ ಅದರದೇ ಆದ ಒಂದು ಧರ್ಮವುಂಟು. ಚದುರಂಗದಲ್ಲಿ ಹೆಚ್ಚು ಬಲ್ಲವನು ಗೆಲ್ಲುತ್ತಾನೆ. ದಾಳದಾಟದಲ್ಲಿ ಬಲ್ಲವನೂ ಅರಿಯದವನೂ ಸಮಾನರು. ಇವೆರಡರ ನಡುವೆ ನಿಂತ ಇಸ್ಪೀಟಿನ ಆಟವೊಂದಿದೆ. ಕ್ಯಾಸಿನೊಗಳೆಂಬ ಜೂಜುಗೃಹಗಳಲ್ಲಿ ಅದಕ್ಕೆ ‘ಬ್ಲ್ಯಾಕ್‌ಜ್ಯಾಕ್’ ಎಂದು ಹೆಸರು. ‘ಇಪ್ಪತ್ತೊಂದು’ ಎಂಬುದು ಅದರ ಹಳೆಯ ಹೆಸರು. ಬಲ್ಲವನನ್ನು ಕಂಡರೆ ಜೂಜಿನ ಒಡೆಯನಿಗೆ ಎಂಥ ಭೀತಿಯೆಂಬುದು ಅದರ ಚರಿತ್ರೆಯಿಂದ ವಿಶದವಾಗುತ್ತದೆ.

ಸ್ಪೇನಿನ ಸೆರ್ವಾಂಟಿಸನು 1613ರಲ್ಲಿ ಪ್ರಕಟಿಸಿದ ಕಥಾಸಂಗ್ರಹದಲ್ಲಿ ಇಬ್ಬರು ಪೋರರ ಕಥೆಯಿದೆ. ಅವರಲ್ಲೊಬ್ಬನು ಮಾಸಿದ ಇಸ್ಪೀಟುಕಟ್ಟೊಂದನ್ನು ಹಿಡಿದು, ಇಪ್ಪತ್ತೊಂದರ ಆಟದಿಂದ ಹೊಟ್ಟೆ ಹೊರೆಯುವವನು. ಒಂದೆಂದೂ ಹನ್ನೊಂದೆಂದೂ ಎಣಿಸಬಹುದಾದ ಎಕ್ಕ ಎಲ್ಲಿದೆಯೆಂಬುದು ಅವನಿಗೆ ಮೊದಲೇ ಗೊತ್ತು. ಈ ಆಟದ ಹಳೆಯ ಲಿಖಿತ ಸುಳಿವುಗಳಲ್ಲಿ ಇದೊಂದು. ಅದರಲ್ಲೇ ಮೋಸ ಕಾಣಿಸಿಕೊಂಡಿರುವುದು ಸೋಜಿಗವಲ್ಲವೆ? ಹದಿನೆಂಟನೆಯ ಶತಮಾನದಲ್ಲಿ ಫ್ರಾನ್ಸಿನಲ್ಲಿ ಜನಪ್ರಿಯವಾದ ಈ ಆಟ ಮುಂದೆ ಅಮೆರಿಕವನ್ನು ಸೇರಿತು. 1931ರಲ್ಲಿ ನೆವಾಡ ರಾಜ್ಯ ಜೂಜಿಗೆ ಕಾನೂನಿನ ಮುದ್ರೆಯೊತ್ತಿದ ಮೇಲೆ ಅದು ದೊಡ್ಡ ವ್ಯಾಪಾರವೇ ಆಯಿತು.

ನಿಯಮ ಸರಳ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದನ್ನು ಮೀರದೆ, ಹಂಚುವವನ ಮೊತ್ತಕ್ಕಿಂತ ಹೆಚ್ಚಾಗಿರಬೇಕು. ರಾಜ, ರಾಣಿ, ಗುಲಾಮರ ಬೆಲೆ ತಲಾ ಹತ್ತು. ಹಂಚುವವನಿಗೆ ಸ್ವಂತ ವಿವೇಚನೆಯ ಅಧಿಕಾರವಿಲ್ಲ. ಮೊತ್ತ ಹದಿನಾರಾಗುವವರೆಗೂ ಅವನು ಎಲೆ ತೆಗೆಯಲೇಬೇಕು, ಹದಿನೇಳಾದರೆ ಸಾಮಾನ್ಯವಾಗಿ ನಿಲ್ಲಬೇಕು. ಆದರೂ ಲಾಭ ಒಡೆಯನದೇ. ಏಕೆಂದರೆ, ಮೊದಲು ಆಡಬೇಕಾದವನು ಪಣವಿಟ್ಟವನು. ಅವನ ಮೊತ್ತ ಇಪ್ಪತ್ತೊಂದನ್ನು ಮೀರಿದರೆ ಆ ಕ್ಷಣವೇ ಹಣ ಹೋಯಿತು. ಅನಂತರ ಹಂಚುವವನ ಮೊತ್ತವೂ ಮೀರಿದರೆ, ಹೋದ ಹಣ ಮರಳುವುದಿಲ್ಲ.

ಆದರೆ ಇಸ್ಪೀಟಿಗೆ ದಾಳಕ್ಕಿಲ್ಲದ ಗುಣವೊಂದಿದೆ. ಬಿದ್ದ ಎಲೆ ಮತ್ತೆ ಕಲಸುವ ತನಕ ಕಟ್ಟಿಗೆ ಮರಳುವುದಿಲ್ಲ. ಆದುದರಿಂದ, ಹೋದುದನ್ನು ನೆನಪಿಟ್ಟವನು ಉಳಿದುದನ್ನು ಊಹಿಸಬಲ್ಲ. ಬಾಲ್ಡ್ವಿನ್, ಕ್ಯಾಂಟಿ, ಮೈಸೆಲ್, ಮೆಕ್‌ಡರ್ಮಟ್ ಎಂಬ ನಾಲ್ವರು ಅಮೆರಿಕದ ಸೈನ್ಯಸೇವೆಯಲ್ಲಿದ್ದಾಗ ಮೇಜಿನ ಮೇಲಿನ ಲೆಕ್ಕಯಂತ್ರಗಳಿಂದ ಈ ಆಟದ ಉತ್ತಮ ಕ್ರಮವನ್ನು ಗಣಿಸಿ, 1956ರಲ್ಲಿ ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಅದರಿಂದ ಪ್ರೇರಿತನಾದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಗಣಕಯಂತ್ರದ ನೆರವಿನಿಂದ ಮುಂದುವರಿದು, ಹತ್ತರ ಬೆಲೆಯ ಎಲೆಗಳು ಹೆಚ್ಚು ಉಳಿದಾಗ ಪಣವಿಟ್ಟವನ ಕೈ ಮೇಲಾಗುವುದೆಂದು 1962ರ ತನ್ನ ಗ್ರಂಥದಲ್ಲಿ ತೋರಿಸಿದನು.

ಒಡೆಯರು ಏನು ಮಾಡಿದರು? 1964ರಲ್ಲಿ ಲಾಸ್ ವೇಗಸ್‌ನವರು ನಿಯಮಗಳನ್ನು ಬಿಗಿಗೊಳಿಸಿದರು. ಗಿರಾಕಿಗಳು ಮೇಜು ಬಿಟ್ಟೆದ್ದರು. ಕೆಲವೇ ವಾರಗಳಲ್ಲಿ ಹಳೆಯ ನಿಯಮಗಳು ಮರಳಿದವು. ಆಮೇಲೆ ಒಂದು ಕಟ್ಟಿದ್ದೆಡೆ ಆರು, ಎಂಟು ಕಟ್ಟುಗಳು ಬಂದವು. ಎರಡೇ ಎಲೆಗಳಲ್ಲಿ ಇಪ್ಪತ್ತೊಂದಾದರೆ ಹತ್ತಕ್ಕೆ ಹದಿನೈದು ಕೊಡುತ್ತಿದ್ದ ಅನೇಕ ಮೇಜುಗಳು ಈಗ ಹನ್ನೆರಡನ್ನಷ್ಟೇ ಕೊಡುತ್ತವೆ. ನೆವಾಡದಲ್ಲಿ ಮನಸ್ಸಿನಲ್ಲೇ ಎಲೆ ಎಣಿಸುವುದು ಅಪರಾಧವಲ್ಲ. ಆದರೂ ಎಣಿಸುವವನನ್ನು ಒಡೆಯನು ಹೊರಗೆ ಕಳುಹಿಸಬಲ್ಲ. ಕೆನ್ ಯೂಸ್ಟನ್ ಎಂಬಾತನ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ, ಎಣಿಸಿದನೆಂಬ ಕಾರಣಕ್ಕೆ ಹೊರಗಟ್ಟುವ ಹಕ್ಕು ಅಲ್ಲಿನ ಕ್ಯಾಸಿನೊಗಳಿಗಿಲ್ಲವೆಂದು ತೀರ್ಪಿತ್ತಿತು.

ಆ ತೀರ್ಪೇ ನ್ಯಾಯವೆಂದು ನನ್ನ ಅಭಿಪ್ರಾಯ. “ಮನೆ ನಮ್ಮದು, ನಿಯಮವೂ ನಮ್ಮದು” ಎಂದು ಒಡೆಯರು ವಾದಿಸಬಹುದು. ಆಗಲಿ, ಆದರೆ ಆ ನಿಯಮವನ್ನು ಮುರಿದವರು ಯಾರು? ಸೆರ್ವಾಂಟಿಸನ ಪೋರ ಬಚ್ಚಿಟ್ಟ ಎಕ್ಕವನ್ನು ಬಲ್ಲವನು, ಅದು ವಂಚನೆ. ಥಾರ್ಪ್ ಎಲ್ಲರ ಕಣ್ಣೆದುರು ಬಿದ್ದ ಎಲೆಗಳನ್ನು ಎಣಿಸಿದವನು, ಅದು ವಿದ್ಯೆ. ಇಬ್ಬರಿಗೂ ಒಂದೇ ಬಾಗಿಲನ್ನು ತೋರಿಸುವುದು ಎಂಥ ವಿವೇಕ? ತಕ್ಕಡಿಯ ಮುಳ್ಳನ್ನು ನೋಡಿದ ಗಿರಾಕಿಯನ್ನು ಅಂಗಡಿಯಿಂದ ಅಟ್ಟುವ ವರ್ತಕನನ್ನು ನಾವು ಪ್ರಾಮಾಣಿಕನೆನ್ನುವೆವೆ? ಜಾಣ್ಮೆಯ ಆಟವೆಂದು ಆಸೆ ಹುಟ್ಟಿಸಿ ಜಾಣನನ್ನು ಹೊರಗಿಡುವವನು ಆಟದ ಹೆಸರಿನಲ್ಲಿ ಸುಂಕ ವಸೂಲಿ ಮಾಡುತ್ತಿದ್ದಾನೆ, ಅಷ್ಟೆ. ಆ ಮೇಜಿಗೆ ನಮ್ಮನ್ನು ಆದರದಿಂದ ಕರೆದು ಕೂರಿಸಿದರೆಂದರೆ, ನಮ್ಮ ಲೆಕ್ಕ ಅವರ ಪುಸ್ತಕದಲ್ಲಿ ಆಗಲೇ ಮುಗಿದಿದೆಯೆಂದು ತಿಳಿಯಬೇಕು.