ಮೂರನೇ ಬಾರಿ ಅಧ್ಯಕ್ಷಗಿರಿ: ಅಮೆರಿಕದಲ್ಲಿ ಬಾಗಿಲು ಹಾಕಿದ್ದು ಯಾರು?

'ಟ್ರಂಪ್ 2028' ಎಂದು ಬರೆದ ಕೆಂಪು ಟೋಪಿಗಳು 2025ರ ಏಪ್ರಿಲ್‌ನಲ್ಲಿ ಟ್ರಂಪ್ ಅವರ ಕಂಪನಿಯ ಆನ್‌ಲೈನ್ ಮಳಿಗೆಯಲ್ಲಿ ಮಾರಾಟಕ್ಕೆ ಬಂದವು. ಅದಕ್ಕೂ ಮೊದಲು, ಮಾರ್ಚ್‌ನಲ್ಲಿ, ಮೂರನೇ ಅವಧಿಯ ಮಾತು ತಮಾಷೆಯಲ್ಲ ಎಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಎನ್‌ಬಿಸಿ ವಾಹಿನಿಗೆ ಹೇಳಿದ್ದರು. ಅಕ್ಟೋಬರ್ ಕೊನೆಗೆ ರಾಗ ಬದಲಾಯಿತು. ತಾವು ಸ್ಪರ್ಧಿಸುವಂತಿಲ್ಲ ಎಂಬುದು ಬಹುತೇಕ ಸ್ಪಷ್ಟವಾಗಿದೆ ಎಂದು ಅವರೇ ಒಪ್ಪಿಕೊಂಡರು.

ಅಲ್ಲಿಗೆ ಚರ್ಚೆ ಮುಗಿಯಿತೇ? ಅಮೆರಿಕದ ಇತಿಹಾಸ ನೋಡಿದರೆ ಅಷ್ಟು ಸುಲಭವಾಗಿ ಹೌದು ಎನ್ನಲಾಗದು. ಎರಡೇ ಅವಧಿ ಎಂಬ ಮಿತಿ ಅಲ್ಲಿನ ಸಂವಿಧಾನದಲ್ಲಿ ಮೊದಲಿನಿಂದ ಇರಲೇ ಇಲ್ಲ. ಸುಮಾರು 150 ವರ್ಷ ಅದು ನಡೆದದ್ದು ಬರೀ ರೂಢಿಯ ಬಲದ ಮೇಲೆ.

ವಾಷಿಂಗ್ಟನ್ ಹಾಕಿದ ದಾರಿ

1789ರಲ್ಲಿ ಮೊದಲ ಅಧ್ಯಕ್ಷರಾದ ಜಾರ್ಜ್ ವಾಷಿಂಗ್ಟನ್ ಎರಡು ಅವಧಿ ಮುಗಿಸಿ 1797ರಲ್ಲಿ ಊರಿಗೆ ಮರಳಿದರು. ದಣಿದಿದ್ದರು, ಮನೆಗೆ ಹೋಗುವ ಆಸೆಯೂ ಇತ್ತು. ಅದನ್ನು ಒಂದು ತತ್ವದಂತೆ ಮಂಡಿಸಿದವರು ಮೂರನೇ ಅಧ್ಯಕ್ಷ ಥಾಮಸ್ ಜೆಫರ್ಸನ್. ಅವಧಿಗೆ ಮಿತಿ ಇಲ್ಲದಿದ್ದರೆ ಅಧಿಕಾರ ಆಜೀವ ಹುದ್ದೆಯಾಗಿಬಿಡುತ್ತದೆ ಎಂಬುದು ಅವರ ಆತಂಕವಾಗಿತ್ತು.

ಹಾಗಂತ ಯಾರೂ ಪ್ರಯತ್ನಿಸಲಿಲ್ಲ ಎಂದಲ್ಲ. ಅಂತರ್ಯುದ್ಧದ ವೀರ ಯುಲಿಸಿಸ್ ಗ್ರಾಂಟ್ 1880ರಲ್ಲಿ ಮೂರನೇ ಬಾರಿಗೆ ಟಿಕೆಟ್‌ಗಾಗಿ ಯತ್ನಿಸಿದರು. ರಿಪಬ್ಲಿಕನ್ ಸಮಾವೇಶದಲ್ಲಿ 36 ಸುತ್ತಿನ ಮತದಾನ ನಡೆದು, ಕೊನೆಗೆ ಟಿಕೆಟ್ ಸಿಕ್ಕಿದ್ದು ಜೇಮ್ಸ್ ಗಾರ್‌ಫೀಲ್ಡ್‌ಗೆ. ಅಂದರೆ ಗ್ರಾಂಟ್ ಅವರನ್ನು ತಡೆದದ್ದು ಸ್ವಂತ ಪಕ್ಷವೇ.

1912ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಹೊಸ ಪಕ್ಷ ಕಟ್ಟಿ ಮತ್ತೆ ಕಣಕ್ಕಿಳಿದರು. ಮಿಲ್ವಾಕಿಯಲ್ಲಿ ಒಬ್ಬಾತ ಅವರ ಎದೆಗೆ ಗುಂಡು ಹಾರಿಸಿದ. ಮೂರನೇ ಅವಧಿಗೆ ತನ್ನ ವಿರೋಧವೇ ಕಾರಣ ಎಂದೂ ಹೇಳಿಕೊಂಡ. ಗುಂಡು ದೇಹದಲ್ಲಿರುವಾಗಲೇ ರೂಸ್‌ವೆಲ್ಟ್ ಭಾಷಣ ಮಾಡಿದರು. ಆದರೂ ಗೆಲ್ಲಲಿಲ್ಲ. ವುಡ್ರೊ ವಿಲ್ಸನ್‌ಗೆ 435 ಎಲೆಕ್ಟೋರಲ್ ಮತ ಬಂದರೆ, ಅವರಿಗೆ ಸಿಕ್ಕಿದ್ದು 88. ಈ ಬಾರಿ ತಡೆದವರು ಮತದಾರರು.

ರೂಢಿ ಮುರಿದಾಗ

1940ರಲ್ಲಿ ಪರಿಸ್ಥಿತಿ ಬೇರೆಯಿತ್ತು. ಯುರೋಪಿನಲ್ಲಿ ಯುದ್ಧ, ಜೂನ್‌ನಲ್ಲಿ ಫ್ರಾನ್ಸ್ ಹಿಟ್ಲರ್ ಕೈವಶ. ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೇ ಬಾರಿ ನಿಂತರು, ಗೆದ್ದರು. 1944ರಲ್ಲಿ ನಾಲ್ಕನೇ ಬಾರಿಯೂ ಗೆದ್ದು, 1945ರ ಏಪ್ರಿಲ್ 12ರಂದು ಅಧಿಕಾರದಲ್ಲಿದ್ದಾಗಲೇ ನಿಧನರಾದರು. ಪಕ್ಷ ಮತ್ತು ಮತದಾರರು ಇಬ್ಬರೂ ಒಪ್ಪಿದ ಮೇಲೆ ರೂಢಿಗೆ ತಡೆಯುವ ಶಕ್ತಿ ಉಳಿಯಲಿಲ್ಲ.

ಆಗ ಬಂದದ್ದೇ 22ನೇ ತಿದ್ದುಪಡಿ. 1947ರಲ್ಲಿ ಕಾಂಗ್ರೆಸ್ ಅಂಗೀಕಾರ, 1951ರ ಫೆಬ್ರವರಿಯಲ್ಲಿ ರಾಜ್ಯಗಳ ಅನುಮೋದನೆ. ಯಾರೂ ಎರಡಕ್ಕಿಂತ ಹೆಚ್ಚು ಬಾರಿ ಅಧ್ಯಕ್ಷರಾಗಿ ಆಯ್ಕೆಯಾಗುವಂತಿಲ್ಲ. ಸ್ವಾರಸ್ಯವೆಂದರೆ, ಇದನ್ನು ಮುಂದೆ ನಿಂತು ತಂದದ್ದು ಆಗ ಕಾಂಗ್ರೆಸ್‌ನಲ್ಲಿ ಬಹುಮತ ಹೊಂದಿದ್ದ ರಿಪಬ್ಲಿಕನ್ ಪಕ್ಷ. ಇದು ಮೊದಲು ಕಟ್ಟಿಹಾಕಿದ್ದು ಅದೇ ಪಕ್ಷದ ಐಸೆನ್‌ಹೋವರ್ ಅವರನ್ನು. ಈಗ ಟ್ರಂಪ್ ಅವರನ್ನೂ.

ಭಾರತದಲ್ಲಿ ಏಕಿಲ್ಲ?

ನೆಹರೂ ಸುಮಾರು 17 ವರ್ಷ ಪ್ರಧಾನಿಯಾಗಿದ್ದರಲ್ಲ, ನಮಗೇಕೆ ಇಂಥ ಮಿತಿ ಇಲ್ಲ ಎಂದು ಕೇಳಬಹುದು. ಉತ್ತರ ವ್ಯವಸ್ಥೆಯಲ್ಲಿದೆ. ಇಲ್ಲಿ ಪ್ರಧಾನಿ ಯಾವಾಗ ಬೇಕಾದರೂ ಲೋಕಸಭೆಯ ವಿಶ್ವಾಸ ಕಳೆದುಕೊಳ್ಳಬಹುದು. 1999ರಲ್ಲಿ ವಾಜಪೇಯಿ ಸರ್ಕಾರ ಬಿದ್ದದ್ದು ಒಂದೇ ಮತದಿಂದ. ಅಮೆರಿಕದ ಅಧ್ಯಕ್ಷರಿಗೆ ನಾಲ್ಕು ವರ್ಷ ಖಾತ್ರಿ. ವಾಗ್ದಂಡನೆಗೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಈವರೆಗೆ ಆ ದಾರಿಯಲ್ಲಿ ಯಾವ ಅಧ್ಯಕ್ಷರೂ ಹುದ್ದೆ ಕಳೆದುಕೊಂಡಿಲ್ಲ. ಹಾಗಾಗಿ ಅಲ್ಲಿ ಅವಧಿಯ ಮಿತಿಗೆ ತೂಕ ಹೆಚ್ಚು.

ಕಿಂಡಿ ಎಲ್ಲಿದೆ?

ತಿದ್ದುಪಡಿ ಬದಲಿಸಲು ಎರಡೂ ಸದನಗಳ ಮೂರನೇ ಎರಡರಷ್ಟು ಬಹುಮತದ ಜತೆಗೆ 50ರಲ್ಲಿ 38 ರಾಜ್ಯಗಳು ಒಪ್ಪಬೇಕು. ಇದುವರೆಗೆ ರದ್ದಾದ ತಿದ್ದುಪಡಿ ಒಂದೇ, ಪಾನನಿಷೇಧದ್ದು. 2025ರ ಜನವರಿಯಲ್ಲಿ ಸಂಸದ ಆ್ಯಂಡಿ ಓಗಲ್ಸ್ ಮೂರು ಅವಧಿಗೆ ಅವಕಾಶ ಕೋರಿ ನಿರ್ಣಯ ಮಂಡಿಸಿದರು. ಸತತ ಎರಡು ಅವಧಿ ಪೂರೈಸಿದವರಿಗೆ ಅದರಲ್ಲಿ ಅವಕಾಶವಿಲ್ಲ. ಅಂದರೆ ಟ್ರಂಪ್‌ಗೆ ಹೂಂ, ಒಬಾಮಾಗೆ ಊಹೂಂ!

ಇನ್ನೊಂದು ವಾದ 'ಆಯ್ಕೆ' ಎಂಬ ಪದದ ಮೇಲಿದೆ. ಉಪಾಧ್ಯಕ್ಷರಾಗಿ ಗೆದ್ದು, ಅಧ್ಯಕ್ಷರು ರಾಜೀನಾಮೆ ಕೊಟ್ಟರೆ? ಅಧ್ಯಕ್ಷರಾಗಲು ಅರ್ಹತೆ ಇಲ್ಲದವರು ಉಪಾಧ್ಯಕ್ಷರೂ ಆಗುವಂತಿಲ್ಲ ಎನ್ನುತ್ತದೆ 12ನೇ ತಿದ್ದುಪಡಿ. ಆದರೆ ಸುಪ್ರೀಂ ಕೋರ್ಟ್ ಈ ಪ್ರಶ್ನೆಯನ್ನು ಎಂದೂ ಇತ್ಯರ್ಥ ಮಾಡಿಲ್ಲ. ಇಂಥ ದಾರಿ ಜನರಿಗೆ ಇಷ್ಟವಾಗದು ಎಂದು ಟ್ರಂಪ್ ಅವರೇ ಹೇಳಿದ್ದಾರೆ.

ಹಾಗಿದ್ದೂ ಈ ಮಾತು ಏಕೆ ಜೀವಂತ? ಎರಡನೇ ಅವಧಿಯ ಅಧ್ಯಕ್ಷರ ಹಿಡಿತ ದಿನದಿನಕ್ಕೆ ಸಡಿಲವಾಗುತ್ತದೆ. ಪಕ್ಷದವರು ಮುಂದಿನ ನಾಯಕನತ್ತ ಕಣ್ಣು ಹಾಯಿಸುತ್ತಾರೆ. ಮೂರನೇ ಅವಧಿಯ ಮಾತು ಚಾಲ್ತಿಯಲ್ಲಿದ್ದಷ್ಟು ದಿನ ಉತ್ತರಾಧಿಕಾರಿಯ ಚರ್ಚೆಗೆ ತಡೆ.

ಟ್ರಂಪ್ ಅವಧಿ 2029ರ ಜನವರಿ 20ಕ್ಕೆ ಮುಗಿಯುತ್ತದೆ. ಕಾನೂನು ಈಗ ಬರವಣಿಗೆಯಲ್ಲಿದೆ, ನಿಜ. ಆದರೆ ಬರೆದ ಕಾನೂನು ಇಲ್ಲದಿದ್ದ 1880ರಲ್ಲಿ ಜನಪ್ರಿಯ ನಾಯಕನಿಗೆ 'ಸಾಕು' ಎಂದದ್ದು ಅವರದೇ ಪಕ್ಷ. ಅಂಥ ಸಂದರ್ಭ ಮತ್ತೆ ಬಂದರೆ ಇಂದಿನ ರಿಪಬ್ಲಿಕನ್ ಪಕ್ಷ ಅದೇ ಮಾತು ಹೇಳೀತೇ? 22ನೇ ತಿದ್ದುಪಡಿಯ ನಿಜವಾದ ಪರೀಕ್ಷೆ ಅಲ್ಲಿದೆ.